ಲಾಡ್ಜ್, ರೆಸಾರ್ಟ್, ಟೂರ್ ನಡೆಸುವವರು ಹವಾಮಾನ ಬದಲಾವಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಹೋಟೆಲ್ ಕಂಪನಿಗಳಿಗೆ ಇದನ್ನೆಲ್ಲ ಹೇಳಿಕೊಡಲು ಸಲಹೆಗಾರರಿರುತ್ತಾರೆ. ಈ ಪುಟ ಚಿಕ್ಕವರಿಗೆ. ಬುಕಿಂಗ್ ಫೋನನ್ನೂ ತಾವೇ ಎತ್ತಿ, ಪಂಪ್ ಕೆಟ್ಟರೂ ತಾವೇ ಓಡುವವರಿಗೆ.

ಪ್ರವಾಸಕ್ಕೂ ಹವಾಮಾನ ಬದಲಾವಣೆಗೂ ಅಷ್ಟೊಂದು ಸಂಬಂಧ ಇದೆಯಾ?

ಇದೆ. ಎರಡೂ ಕಡೆಯಿಂದ ಇದೆ.

ಜಗತ್ತಿನ ಪ್ರವಾಸೋದ್ಯಮ ಎಷ್ಟು ಹಸಿರುಮನೆ ಅನಿಲ ಬಿಡುತ್ತದೆ ಎಂದು ಲೆಕ್ಕ ಹಾಕಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2019ರಲ್ಲಿ ಇದು ಸುಮಾರು 520 ಕೋಟಿ ಟನ್. ಮನುಷ್ಯರು ಬಿಡುವ ಒಟ್ಟು ಅನಿಲದಲ್ಲಿ ಶೇ. 8.8 ಭಾಗ. ಅದಕ್ಕೂ ಹಿಂದಿನ ಹತ್ತು ವರ್ಷ ಇದು ವರ್ಷಕ್ಕೆ ಶೇ. 3.5ರಂತೆ ಏರುತ್ತಲೇ ಇತ್ತು. ಇದರಲ್ಲಿ ವಿಮಾನ, ಕಾರು, ಕೋಣೆ, ಊಟ, ಖರೀದಿ ಎಲ್ಲವೂ ಸೇರಿದೆ.

ಇನ್ನೊಂದು ಕಡೆ, ಏಟು ತಿನ್ನುವವರಲ್ಲೂ ನಾವು ಮುಂದೆ. ಬೊಲಿವಿಯಾದ ಚಕಲ್ತಾಯ ಒಂದು ಕಾಲದಲ್ಲಿ ಜಗತ್ತಿನ ಅತಿ ಎತ್ತರದ ಸ್ಕೀಯಿಂಗ್ ತಾಣ ಅಂತ ಹೆಸರಾಗಿತ್ತು. ಅಲ್ಲಿನ ಹಿಮನದಿ 2009ರ ಹೊತ್ತಿಗೆ ಪೂರ್ತಿ ಕರಗಿಹೋಯಿತು. 2023ರ ಜುಲೈನಲ್ಲಿ ಗ್ರೀಸಿನ ರೋಡ್ಸ್ ದ್ವೀಪಕ್ಕೆ ಕಾಡ್ಗಿಚ್ಚು ಬಂದಾಗ ಸುಮಾರು 19,000 ಜನರನ್ನು ಸ್ಥಳಾಂತರಿಸಬೇಕಾಯಿತು. ಅದರಲ್ಲಿ ಪ್ರವಾಸಿಗರೇ ಬಹಳ. ಕಾರ್ಖಾನೆಯನ್ನು ಬೇರೆ ಕಡೆ ಕಟ್ಟಿಕೊಳ್ಳಬಹುದು. ಸಮುದ್ರ ತೀರವನ್ನು ಎಲ್ಲಿಗೆ ಎತ್ತಿಟ್ಟುಕೊಳ್ಳೋಣ?

ನಮ್ಮದು ಹತ್ತು ಕೋಣೆಯ ಜಾಗ. ನಾವೊಬ್ಬರು ಮಾಡಿದರೆ ಏನಾಗುತ್ತದೆ?

ಭೂಮಿ ತಣ್ಣಗಾಗುವುದಿಲ್ಲ. ನಿಮ್ಮ ಕರೆಂಟ್ ಬಿಲ್ ಮಾತ್ರ ಖಂಡಿತ ಇಳಿಯುತ್ತದೆ. ಹವಾಮಾನಕ್ಕಾಗಿ ಅಂತ ಮಾಡುವ ಮೊದಲ ನಾಲ್ಕೈದು ಕೆಲಸಗಳು ದುಡ್ಡು ಉಳಿಸುವ ಕೆಲಸಗಳೇ. ಅಷ್ಟು ಸಾಕು ಶುರು ಮಾಡಲು. ಇದರ ಜೊತೆಗೆ, ಗ್ರಾಹಕರನ್ನು ಕಳಿಸುವ ದೊಡ್ಡ ಟೂರ್ ಕಂಪನಿಗಳು ಈಗೀಗ ಕಾರ್ಬನ್ ಲೆಕ್ಕ, ಅಂದರೆ ನೀವು ಎಷ್ಟು ಹಸಿರುಮನೆ ಅನಿಲ ಬಿಡುತ್ತೀರಿ ಅಂತ, ಕೇಳುತ್ತಿವೆ. ಅವರು ಕೇಳಿದ ದಿನ ತಡಕಾಡುವುದಕ್ಕಿಂತ ಪುಸ್ತಕ ಮೊದಲೇ ತಯಾರಿದ್ದರೆ ಒಳ್ಳೆಯದು.

ಸರಿ, ಎಲ್ಲಿಂದ ಶುರು ಮಾಡಬೇಕು?

ಬಿಲ್ಲುಗಳಿಂದ. ಕಳೆದ 12 ತಿಂಗಳ ಕರೆಂಟ್ ಬಿಲ್, ಡೀಸೆಲ್ ರಸೀದಿ, ಗ್ಯಾಸ್ ರಸೀದಿ, ಎಸಿ ರಿಪೇರಿ ಬಿಲ್ ಒಂದು ಕಡೆ ಗುಡ್ಡೆ ಹಾಕಿ. ಪಕ್ಕದಲ್ಲಿ ಪ್ರತಿ ತಿಂಗಳು ಎಷ್ಟು ಕೋಣೆಗಳಲ್ಲಿ ಎಷ್ಟು ರಾತ್ರಿ ಜನ ಇದ್ದರು ಅಂತ ಬರೆದುಕೊಳ್ಳಿ. ಮೊದಲ ಸಲಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಒಂದು ಲೆಕ್ಕ ಮಾಡಿ ನೋಡೋಣ. 20 ಕೋಣೆಯ ಲಾಡ್ಜ್ ಅಂತ ಇಟ್ಟುಕೊಳ್ಳಿ. ಎಲ್ಲ ಕೋಣೆಗಳ ರಾತ್ರಿಗಳನ್ನು ಕೂಡಿದರೆ ತಿಂಗಳಲ್ಲಿ 400 ರಾತ್ರಿ ಜನ ಇದ್ದರು. ಜನರೇಟರಿಗೆ 300 ಲೀಟರ್ ಡೀಸೆಲ್ ಹೋಯಿತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಲ್ಲಿಗೆ 804 ಕೆಜಿ. ಅಡುಗೆಗೆ 100 ಕೆಜಿ ಎಲ್‌ಪಿಜಿ. ಒಂದು ಕೆಜಿ ಗ್ಯಾಸಿಗೆ ಸುಮಾರು 3 ಕೆಜಿ ಅಂದರೆ 300 ಕೆಜಿ. ಕರೆಂಟ್ 6,000 ಯುನಿಟ್. ಇಲ್ಲಿ ಮಾತ್ರ ಲೆಕ್ಕ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಜಲವಿದ್ಯುತ್ ಜಾಸ್ತಿ ಇದ್ದರೆ ಯುನಿಟ್ಟಿಗೆ ತೀರಾ ಕಡಿಮೆ, ಕಲ್ಲಿದ್ದಲು ಜಾಸ್ತಿ ಇದ್ದರೆ 0.7 ಕೆಜಿ ಅಥವಾ ಅದಕ್ಕೂ ಮೇಲೆ. 0.7 ಹಿಡಿದರೆ 4,200 ಕೆಜಿ. ಎಲ್ಲ ಕೂಡಿದರೆ 5,304 ಕೆಜಿ. 400ರಿಂದ ಭಾಗಿಸಿದರೆ ಒಂದು ಕೋಣೆಯ ಒಂದು ರಾತ್ರಿಗೆ 13 ಕೆಜಿ ಚಿಲ್ಲರೆ.

ಆ 13ನ್ನು ಗೋಡೆಗೆ ಬರೆದಿಡಿ. ಮುಂದೆ ನಿಮ್ಮ ಹೋಲಿಕೆ ಎಲ್ಲ ಅದರ ಜೊತೆಗೇ. ಒಟ್ಟು ಕೆಜಿ ನೋಡಿದರೆ ಮೋಸ ಹೋಗುತ್ತೀರಿ. ಸೀಸನ್ ಇಲ್ಲದ ತಿಂಗಳು ಅದು ತಾನಾಗಿ ಇಳಿಯುತ್ತದೆ, ನೀವೇನೋ ಸಾಧಿಸಿದಿರಿ ಅನಿಸುತ್ತದೆ. ಹೋಟೆಲುಗಳಿಗಾಗಿಯೇ ಇರುವ 'ಹೋಟೆಲ್ ಕಾರ್ಬನ್ ಮೆಷರ್‌ಮೆಂಟ್ ಇನಿಶಿಯೇಟಿವ್' ಎಂಬ ಉಚಿತ ವಿಧಾನವೂ ಕೋಣೆ-ರಾತ್ರಿಗೇ ಲೆಕ್ಕ ಹಾಕುತ್ತದೆ. ಮುಂದೆ ಲೆಕ್ಕವನ್ನು ಗಟ್ಟಿ ಮಾಡಬೇಕು ಅನಿಸಿದಾಗ ಅದನ್ನು ಹಿಡಿಯಿರಿ.

ಎಸಿ ರಿಪೇರಿ ಬಿಲ್ ಯಾಕೆ? ಅದರಲ್ಲಿ ಏನಿದೆ?

ಬಹಳ ಜನ ಬಿಟ್ಟುಬಿಡುವುದು ಇದನ್ನೇ. 'ಗ್ಯಾಸ್ ತುಂಬಿಸಿದ್ದು' ಅಂತ ಬಿಲ್ಲಿನಲ್ಲಿದ್ದರೆ ಹಳೇ ಗ್ಯಾಸ್ ಗಾಳಿಗೆ ಹೋಗಿದೆ ಅಂತ ಅರ್ಥ. ಎಸಿಗಳಲ್ಲಿ ಸಾಮಾನ್ಯವಾಗಿರುವ ಆರ್-410ಎ ಎಂಬ ಗ್ಯಾಸ್ ಒಂದು ಕೆಜಿ ಸೋರಿದರೆ, ಅದು ಸುಮಾರು 2,088 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಎರಡು ಕೆಜಿ ಸೋರಿದರೆ 4,176. ಮೇಲಿನ ಲಾಡ್ಜಿನ ಇಡೀ ತಿಂಗಳ ಕರೆಂಟ್ ಲೆಕ್ಕ ಎಷ್ಟಿತ್ತು? 4,200. ಯಾರಿಗೂ ಗೊತ್ತಾಗದ ಹಾಗೆ, ಒಂದು ಸಡಿಲ ಜಾಯಿಂಟಿನಿಂದ!

ಹೊಸ ಎಸಿ ಕೊಳ್ಳುವಾಗ ಒಳಗೆ ಯಾವ ಗ್ಯಾಸ್ ಇದೆ ಅಂತ ಕೇಳಿ. ಆರ್-32ರ ಅಂಕಿ 675. ಆರ್-290, ಅಂದರೆ ಪ್ರೊಪೇನ್, 5ಕ್ಕಿಂತ ಕಡಿಮೆ. ಆದರೆ ಅದಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ, ತರಬೇತಾದ ಮೆಕ್ಯಾನಿಕ್ಕೇ ಕೈ ಹಾಕಬೇಕು. ಆರ್-410ಎ ಥರದ ಗ್ಯಾಸುಗಳನ್ನು ಕಡಿಮೆ ಮಾಡಲೆಂದೇ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. ಹಾಗಾಗಿ ಹಳೇ ಗ್ಯಾಸ್ ಬರಬರುತ್ತಾ ಸಿಗುವುದೂ ಕಷ್ಟವಾಗುತ್ತದೆ. ರಿಪೇರಿಗೆ ಬಂದವರು ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುತ್ತಾರಾ ಅಂತ ಪಕ್ಕದಲ್ಲಿ ನಿಂತು ನೋಡಿ.

ಸ್ಕೋಪ್ 1, 2, 3 ಅಂತಾರಲ್ಲ, ಅದೇನು?

ನಿಮ್ಮ ಜಾಗದಲ್ಲೇ ಉರಿಯುವ, ಸೋರುವ ಎಲ್ಲವೂ ಸ್ಕೋಪ್ 1. ಡೀಸೆಲ್, ಗ್ಯಾಸ್, ಎಸಿ ಸೋರಿಕೆ, ಸ್ವಂತ ವಾಹನ ಇದರಲ್ಲಿ ಬರುತ್ತವೆ. ಕೊಂಡ ಕರೆಂಟ್ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3: ತರಕಾರಿ ಬೆಳೆದದ್ದು, ಹೊರಗೆ ಕೊಟ್ಟ ಬಟ್ಟೆ ಒಗೆದದ್ದು, ಕಸ, ಸಿಬ್ಬಂದಿ ಕೆಲಸಕ್ಕೆ ಬರುವ ಬೈಕು. ಈ ಹೆಸರುಗಳು 2001ರ ಗ್ರೀನ್‌ಹೌಸ್ ಗ್ಯಾಸ್ ಪ್ರೊಟೊಕಾಲ್ ಎಂಬ ಲೆಕ್ಕದ ನಿಯಮಾವಳಿಯಿಂದ ಬಂದವು. ಮೊದಲ ವರ್ಷ 1 ಮತ್ತು 2 ಸರಿಯಾಗಿ ಮಾಡಿ. 3ಕ್ಕೆ ಕೈ ಹಾಕಿ ತಲೆಕೆಟ್ಟು ಎಲ್ಲವನ್ನೂ ಬಿಟ್ಟವರೇ ಜಾಸ್ತಿ.

ಲೆಕ್ಕ ಆಯಿತು. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಬಿಸಿಗೆ ಮತ್ತು ತಂಪಿಗೆ. ಬಲ್ಬ್ ಬದಲಾಯಿಸುವುದು ಒಳ್ಳೆಯದೇ, ಮಾಡಿಬಿಡಿ. ಆದರೆ ದೊಡ್ಡ ಮೀನು ಅಲ್ಲಿಲ್ಲ.

100 ಲೀಟರ್ ನೀರನ್ನು 35 ಡಿಗ್ರಿಯಷ್ಟು ಬಿಸಿ ಮಾಡಲು ಸಾಮಾನ್ಯ ಗೀಸರಿಗೆ ಸುಮಾರು 4 ಯುನಿಟ್ ಬೇಕು. ಅದೇ ಕೆಲಸವನ್ನು ಹೀಟ್ ಪಂಪ್ ಒಂದೂವರೆ ಯುನಿಟ್ಟಿನ ಒಳಗೆ ಮುಗಿಸುತ್ತದೆ. ಅದು ಶಾಖವನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಎಳೆದು ನೀರಿಗೆ ಹಾಕುತ್ತದೆ. ಫ್ರಿಜ್ಜನ್ನು ತಿರುಗಿಸಿ ಇಟ್ಟ ಹಾಗೆ. ಬಿಸಿಲು ಚೆನ್ನಾಗಿರುವ ಜಾಗದಲ್ಲಿ ಸೋಲಾರ್ ವಾಟರ್ ಹೀಟರ್ ಇನ್ನೂ ಸರಳ. ಎರಡೂ ಸದ್ಯಕ್ಕೆ ಆಗದಿದ್ದರೆ ಬಿಸಿನೀರಿನ ಪೈಪಿಗೆ ಹೊದಿಕೆ ಸುತ್ತಿಸಿ. ಖರ್ಚು ಕಡಿಮೆ, ಫಲ ಅವತ್ತಿನಿಂದಲೇ.

ಒಂದು ಎಚ್ಚರಿಕೆ. ಕರೆಂಟ್ ಉಳಿಸಲು ಟ್ಯಾಂಕಿನ ಬಿಸಿಯನ್ನು 60 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಉಗುರುಬೆಚ್ಚಗಿನ ನೀರು ನಿಂತರೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಷವರಿನ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ. ಇಲ್ಲಿ ಉಳಿತಾಯ ಬೇಡವೇ ಬೇಡ.

ತಂಪಿನ ವಿಷಯದಲ್ಲಿ ಎಸಿಗಿಂತ ಮೊದಲು ಕಿಟಕಿ ನೋಡಿ. ಪಡುವಣ ಬಿಸಿಲು ನೇರ ಬೀಳುವ ಗಾಜಿಗೆ ಹೊರಗಿನಿಂದ ನೆರಳು ಕೊಡಿ. ಒಳಗಿನ ಪರದೆ ಅಷ್ಟಾಗಿ ಉಪಯೋಗವಿಲ್ಲ, ಬಿಸಿ ಆಗಲೇ ಒಳಗೆ ಬಂದಾಗಿರುತ್ತದೆ. ಚಾವಣಿಗೆ ಬಿಳಿ ಬಣ್ಣ ಹೊಡೆಸಿ. ಫ್ಯಾನ್ ಇರಲಿ. ಬಾಲ್ಕನಿ ಬಾಗಿಲು ತೆರೆದರೆ ಎಸಿ ತಾನಾಗಿ ನಿಲ್ಲುವ ಸ್ವಿಚ್ ಹಾಕಿಸಿ. ನಾನು ಉಳಿದುಕೊಂಡಿದ್ದ ಒಂದು ರೆಸಾರ್ಟಿನಲ್ಲಿ ಮೇಜಿನ ಮೇಲೆ 'ಭೂಮಿಯನ್ನು ಉಳಿಸೋಣ' ಅಂತ ಬರೆದ ಮರದ ಹಲಗೆ ಇತ್ತು. ಆದರೆ ಜನವೇ ಇಲ್ಲದ ಪಕ್ಕದ ಕೋಣೆಯಲ್ಲಿ ಎರಡು ದಿನವೂ ಎಸಿ ಓಡುತ್ತಲೇ ಇತ್ತು, ಬಾಗಿಲು ತೆರೆದೇ ಇತ್ತು.

ಸುಮ್ನೆ ಸೋಲಾರ್ ಪ್ಯಾನಲ್ ಹಾಕಿಸಿಬಿಟ್ಟರೆ ಆಯ್ತಲ್ವಾ?

ಆಗುತ್ತದೆ, ಆದರೆ ಕೊನೆಗೆ ಹಾಕಿಸಿ. ಮೊದಲು ಬಳಕೆ ಇಳಿಸಿದರೆ ಕಡಿಮೆ ಪ್ಯಾನಲ್ ಸಾಕು. ತೂತಿರುವ ಬಿಂದಿಗೆಗೆ ಎಷ್ಟು ನೀರು ಸುರಿದರೂ ಅಷ್ಟೇ. ಗ್ರಿಡ್ ಇಲ್ಲದೆ ಜನರೇಟರನ್ನೇ ನಂಬಿರುವ ಜಾಗಗಳಿಗೆ ಮಾತ್ರ ನನ್ನ ಸಲಹೆ ಬೇರೆ. ಅಲ್ಲಿ ಸೋಲಾರ್ ಜೊತೆ ಬ್ಯಾಟರಿ ಬೇಗ ಹಾಕಿಸಿ. ರಾತ್ರಿ ಎರಡು ಫ್ಯಾನು, ಒಂದು ಫ್ರಿಜ್ಜಿಗೋಸ್ಕರ ದೊಡ್ಡ ಜನರೇಟರ್ ಓಡಿದರೆ ಡೀಸೆಲ್ ದಂಡ. ಕಡಿಮೆ ಲೋಡಿನಲ್ಲಿ ಓಡಿ ಓಡಿ ಎಂಜಿನ್ನೂ ಹಾಳಾಗುತ್ತದೆ.

'ಟವೆಲ್ ಮತ್ತೆ ಬಳಸಿ' ಕಾರ್ಡ್ ಇಟ್ಟಿದ್ದೇವೆ. ಸಾಲದಾ?

ಈ ಕಾರ್ಡಿಗೆ ಒಂದು ಕಥೆ ಇದೆ. ತೋರಿಕೆಯ ಹಸಿರಿಗೆ 'ಗ್ರೀನ್‌ವಾಷಿಂಗ್' ಅಂತಾರಲ್ಲ, ಆ ಪದ ಹುಟ್ಟಿದ್ದೇ ಇದರಿಂದ. 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ ಹೋಟೆಲುಗಳ ಟವೆಲ್ ಕಾರ್ಡುಗಳ ಬಗ್ಗೆ ಬರೆಯುತ್ತಾ ಈ ಪದ ಬಳಸಿದರು. ಬೇರೆ ಯಾವುದನ್ನೂ ಮಾಡದೆ, ಬಟ್ಟೆ ಒಗೆಯುವ ಖರ್ಚು ಉಳಿಸಿಕೊಂಡು, ಅದಕ್ಕೆ ಪರಿಸರದ ಹೆಸರು ಕೊಡುತ್ತಾರೆ ಅನ್ನುವುದು ಅವರ ಆಕ್ಷೇಪ. ನಲವತ್ತು ವರ್ಷ ಆಗುತ್ತಾ ಬಂತು, ಆಕ್ಷೇಪ ಇನ್ನೂ ಹಳೆಯದಾಗಿಲ್ಲ.

ಹಾಗಂತ ಕಾರ್ಡ್ ತೆಗೆಯಬೇಡಿ, ಮಾತು ಬದಲಾಯಿಸಿ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 'ಪರಿಸರ ಉಳಿಸಿ' ಎಂಬ ಮಾಮೂಲಿ ಕಾರ್ಡ್ ನೋಡಿ ಟವೆಲ್ ಮತ್ತೆ ಬಳಸಿದವರು ಶೇ. 35. 'ಇಲ್ಲಿಗೆ ಬರುವ ಹೆಚ್ಚಿನ ಅತಿಥಿಗಳು ಟವೆಲ್ ಮತ್ತೆ ಬಳಸುತ್ತಾರೆ' ಅಂತ ಬರೆದಾಗ ಅದು ಶೇ. 44ಕ್ಕೆ ಏರಿತು. ಉಪದೇಶಕ್ಕಿಂತ ಪಕ್ಕದವರು ಏನು ಮಾಡುತ್ತಾರೆ ಅನ್ನುವುದನ್ನೇ ಜನ ನೋಡುತ್ತಾರೆ. ಆದರೆ ಬರೆದದ್ದು ನಿಮ್ಮಲ್ಲಿ ನಿಜವಾಗಿರಬೇಕು. ಇನ್ನೊಂದು ಮಾತು: ಅತಿಥಿ ನೇತುಹಾಕಿದ ಟವೆಲನ್ನೂ ಸಿಬ್ಬಂದಿ ಒಗೆಯಲು ಎತ್ತಿಕೊಂಡು ಹೋದರೆ ಆ ಕಾರ್ಡಿಗೆ ಮರ್ಯಾದೆ ಉಳಿಯುವುದಿಲ್ಲ.

ನೀರು ಉಳಿಸುವುದು ಹೇಗೆ?

ಬಕೆಟ್ ಮತ್ತು ಗಡಿಯಾರ ಹಿಡಿದು ಪ್ರತಿ ಷವರ್ ಅಳೆಯಿರಿ. ನಿಮಿಷಕ್ಕೆ 15 ಲೀಟರ್ ಬರುತ್ತಿದ್ದರೆ 8 ಲೀಟರಿನ ಷವರ್ ಹೆಡ್ ಹಾಕಿ. ಆರು ನಿಮಿಷದ ಸ್ನಾನಕ್ಕೆ 42 ಲೀಟರ್ ಉಳಿಯಿತು. ಅದರಲ್ಲಿ ಬಹುಪಾಲು ಬಿಸಿನೀರು, ಹಾಗಾಗಿ ಕರೆಂಟೂ ಉಳಿಯಿತು. ಕಮೋಡಿನ ಟ್ಯಾಂಕಿಗೆ ಸ್ವಲ್ಪ ಬಣ್ಣದ ನೀರು ಹಾಕಿ ಕಾದು ನೋಡಿ. ಫ್ಲಶ್ ಮಾಡದೆ ಬಣ್ಣ ಕೆಳಗೆ ಇಳಿದರೆ ಸೋರುತ್ತಿದೆ.

ಅಡುಗೆಮನೆಯಲ್ಲಿ ಏನು ಮಾಡಬಹುದು?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ ಶೇ. 28 ಹೋಟೆಲ್, ಕ್ಯಾಂಟೀನ್ ಥರದ ಜಾಗಗಳದ್ದು. ಬೆಳೆಯಲು, ಸಾಗಿಸಲು, ಬೇಯಿಸಲು ಖರ್ಚಾದ ಇಂಧನ ಎಲ್ಲ ನೀರುಪಾಲು. ಗುಂಡಿಯಲ್ಲಿ ಗಾಳಿಯಾಡದೆ ಕೊಳೆತರೆ ಮೇಲಿಂದ ಮೀಥೇನ್ ಎಂಬ ಹಸಿರುಮನೆ ಅನಿಲ ಬೇರೆ.

ಮೂರು ಡಬ್ಬ ಇಡಿ. ಹೆಚ್ಚುವಾಗ ಬಿದ್ದದ್ದು ಒಂದಕ್ಕೆ, ಬಡಿಸದೆ ಉಳಿದದ್ದು ಒಂದಕ್ಕೆ, ತಟ್ಟೆಯಲ್ಲಿ ಬಿಟ್ಟದ್ದು ಒಂದಕ್ಕೆ. ಎರಡು ವಾರ ತೂಕ ಬರೆಯಿರಿ. ತಪ್ಪು ಎಲ್ಲಿದೆ ಅಂತ ಡಬ್ಬಗಳೇ ಹೇಳುತ್ತವೆ. ಎರಡನೆಯದು ತುಂಬಿದರೆ ಅಂದಾಜು ತಪ್ಪುತ್ತಿದೆ. ಮೂರನೆಯದು ತುಂಬಿದರೆ ಬಡಿಸುವ ಪ್ರಮಾಣ ಜಾಸ್ತಿ, ಅಥವಾ ರುಚಿ ಸರಿಯಿಲ್ಲ! ನಾರ್ವೆಯ ಹೋಟೆಲುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಫೆಯ ತಟ್ಟೆಯನ್ನು ಸ್ವಲ್ಪ ಚಿಕ್ಕದು ಮಾಡಿದ್ದಕ್ಕೇ ಆಹಾರದ ಕಸ ಸುಮಾರು ಶೇ. 20 ಇಳಿಯಿತು. ಅತಿಥಿಗಳ ತೃಪ್ತಿ ಕಡಿಮೆಯಾಗಲಿಲ್ಲ.

ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿದ್ದೇವೆ. ಅದು ಹವಾಮಾನದ ಕೆಲಸ ಅಲ್ವಾ?

ಒಳ್ಳೆಯ ಕೆಲಸ. ಆದರೆ ಅದು ಮುಖ್ಯವಾಗಿ ಕಸದ ಸಮಸ್ಯೆಗೆ ಉತ್ತರ. ಕಾರ್ಬನ್ ಲೆಕ್ಕದಲ್ಲಿ ಅದರ ಪಾಲು ಚಿಕ್ಕದು. ಸ್ಟ್ರಾ ಬದಲಾಯಿಸಿ ಗೀಸರನ್ನು ಮರೆಯಬೇಡಿ.

ಅತಿಥಿಗಳು ವಿಮಾನದಲ್ಲಿ ಬರುತ್ತಾರೆ. ಅದು ನಮ್ಮ ತಲೆನೋವು ಯಾಕೆ?

ಯಾಕೆಂದರೆ ದೊಡ್ಡ ಭಾಗ ಅಲ್ಲೇ ಇದೆ. ನಿಮ್ಮಲ್ಲಿ ಮೂರು ರಾತ್ರಿ ಉಳಿದರೆ, ಮೇಲಿನ ಲೆಕ್ಕದಲ್ಲಿ, ಕೋಣೆಗೆ 40 ಕೆಜಿ. ಅದೇ ಅತಿಥಿ ದೂರದ ಖಂಡದಿಂದ ಹಾರಿ ಬಂದು ಹೋದರೆ ಒಬ್ಬರಿಗೇ ಒಂದು ಟನ್ನಿನ ಆಸುಪಾಸು, ಎಷ್ಟೋ ಸಲ ಅದಕ್ಕೂ ಜಾಸ್ತಿ. ಆ ವಿಮಾನವನ್ನು ನೀವು ನಿಲ್ಲಿಸಲಾರಿರಿ. ಆದರೆ ಅತಿಥಿ ಎಷ್ಟು ದಿನ ಇರುತ್ತಾರೆ ಅನ್ನುವುದರಲ್ಲಿ ನಿಮ್ಮ ಕೈ ಇದೆ.

ಮೂರು ದಿನದ ಮೂರು ಪ್ರವಾಸ ಮಾಡುವ ಬದಲು ಒಂಬತ್ತು ದಿನದ ಒಂದೇ ಪ್ರವಾಸ ಮಾಡಿದರೆ ಹಾರಾಟ ಮೂರರಲ್ಲಿ ಒಂದು ಪಾಲಾಗುತ್ತದೆ. ನಿಮಗೆ ಅಷ್ಟೇ ಕೋಣೆ-ರಾತ್ರಿ ಸಿಗುತ್ತದೆ, ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸವೂ ಕಡಿಮೆ. ಇಡೀ ಪುಟದಲ್ಲಿ ಒಂದೇ ಒಂದನ್ನು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಐದು ರಾತ್ರಿಗಿಂತ ಹೆಚ್ಚಿದ್ದರೆ ರಿಯಾಯಿತಿ ಕೊಡಿ. ಒಂದು ವಾರ ಬೇಸರವಾಗದಂತೆ ಸುತ್ತಮುತ್ತ ಏನೇನು ನೋಡಬಹುದು ಅಂತ ಬರೆದುಕೊಡಿ. ಹತ್ತಿರದ ಊರುಗಳ ಗ್ರಾಹಕರನ್ನು ಮರೆಯಬೇಡಿ. ರೈಲು, ಬಸ್ಸಿನಲ್ಲಿ ಬರುವವರಿಗೆ ನಿಲ್ದಾಣದಿಂದ ಗಾಡಿ ಕಳಿಸಿ. ನಿಮ್ಮ ವೆಬ್‌ಸೈಟಿನಲ್ಲಿ 'ತಲುಪುವುದು ಹೇಗೆ' ಎಂಬಲ್ಲಿ ಮೊದಲ ಸಾಲು ವಿಮಾನ ನಿಲ್ದಾಣದ್ದೇ? ಅದನ್ನು ಕೆಳಗೆ ಹಾಕಿ, ರೈಲನ್ನು ಮೇಲೆ ತನ್ನಿ.

ಗಿಡ ನೆಟ್ಟು ಲೆಕ್ಕ ಸರಿದೂಗಿಸಬಹುದಾ?

ಗಿಡ ನೆಡಿ, ನೆರಳಿಗೆ, ಹಕ್ಕಿಗೆ, ಮಣ್ಣಿಗೆ. ಡೀಸೆಲಿನ ಲೆಕ್ಕ ತೀರಿಸಲು ಮಾತ್ರ ಅದನ್ನು ನಂಬಬೇಡಿ. ಇವತ್ತು ಉರಿಸಿದ ಡೀಸೆಲಿನ ಹೊಗೆ ಇವತ್ತೇ ಗಾಳಿ ಸೇರುತ್ತದೆ. ಗಿಡ ಅದನ್ನು ಹೀರಲು ದಶಕಗಳು ಬೇಕು, ಅಷ್ಟರಲ್ಲಿ ಒಣಗಬಹುದು, ಸುಡಬಹುದು, ಯಾರೋ ಕಡಿಯಬಹುದು. ಮೊದಲು ಇಳಿಸಿ. ಇಳಿಸಲಾಗದೆ ಉಳಿದದ್ದಕ್ಕೆ ದುಡ್ಡು ಕೊಡಬೇಕೆನಿಸಿದರೆ ಕೊಡಿ, ಅದನ್ನು 'ಕೊಡುಗೆ' ಅಂತ ಕರೆಯಿರಿ. 'ನಾವು ಕಾರ್ಬನ್ ನ್ಯೂಟ್ರಲ್', ಅಂದರೆ ನಮ್ಮ ಅನಿಲದ ಲೆಕ್ಕ ಸೊನ್ನೆ, ಅಂತ ಬೋರ್ಡ್ ಹಾಕಬೇಡಿ.

ಜಾಹೀರಾತಿನಲ್ಲಿ ಹಾಗಾದರೆ ಏನು ಬರೆಯಬಹುದು?

ಮಾಡಿದ್ದನ್ನು, ಅಂಕಿ ಸಮೇತ. 'ಪರಿಸರ ಸ್ನೇಹಿ ರೆಸಾರ್ಟ್' ಅಂದರೆ ಏನೂ ಹೇಳಿದ ಹಾಗಲ್ಲ. 'ನಮ್ಮ ಬಿಸಿನೀರು ಪೂರ್ತಿ ಸೋಲಾರಿನದು' ಅಂದರೆ ಅತಿಥಿ ಚಾವಣಿ ಹತ್ತಿ ನೋಡಬಹುದು.

ಕಾನೂನುಗಳೂ ಬಿಗಿಯಾಗುತ್ತಿವೆ. ಆಧಾರ ಕೊಡದ 'ಹಸಿರು', 'ಪರಿಸರ ಸ್ನೇಹಿ' ಥರದ ಮಾತುಗಳನ್ನೂ, ಆಫ್‌ಸೆಟ್ (ಬೇರೆ ಕಡೆ ಇಳಿಸಿದ ಅನಿಲದ ಲೆಕ್ಕ) ಕೊಂಡು 'ಕಾರ್ಬನ್ ನ್ಯೂಟ್ರಲ್' ಅನ್ನುವುದನ್ನೂ ತಡೆಯುವ ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನಕ್ಕೆ ಜಾರಿ ದಿನ 2026ರ ಸೆಪ್ಟೆಂಬರ್ 27. ಅಲ್ಲಿನ ಗ್ರಾಹಕರಿಗೆ ನೀವು ಕೋಣೆ ಮಾರುತ್ತಿದ್ದರೆ ವೆಬ್‌ಸೈಟಿನ ಮಾತುಗಳನ್ನು ಒಮ್ಮೆ ತಿರುವಿ ನೋಡಿ. 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯವು ಕೆಎಲ್‌ಎಂ ವಿಮಾನ ಕಂಪನಿಯ ಹಲವು ಹಸಿರು ಜಾಹೀರಾತುಗಳು ಜನರ ದಾರಿ ತಪ್ಪಿಸುವಂತಿದ್ದವು ಅಂತ ಹೇಳಿತು.

ಗ್ಲಾಸ್ಗೋ ಘೋಷಣೆ ಅಂದರೇನು? ನಾವೂ ಸಹಿ ಹಾಕಬಹುದಾ?

2021ರ ನವೆಂಬರ್‌ನಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಹೊರಬಂದ ಪ್ರವಾಸೋದ್ಯಮದ ಒಪ್ಪಂದ ಇದು. 2030ರೊಳಗೆ ಅನಿಲವನ್ನು ಅರ್ಧಕ್ಕೆ ಇಳಿಸುವುದು, 2050ಕ್ಕಿಂತ ಆದಷ್ಟು ಮೊದಲೇ ನೆಟ್ ಝೀರೋ (ಬಿಡುವಷ್ಟನ್ನೂ ಹೀರಿಸಿ ಉಳಿಕೆ ಸೊನ್ನೆ ಆಗುವುದು) ತಲುಪುವುದು ಇದರ ಗುರಿ. ಅಳೆಯುವುದು, ಇಳಿಸುವುದು, ಪ್ರಕೃತಿಯನ್ನು ಚೇತರಿಸುವುದು, ಜೊತೆಗೂಡುವುದು, ಹಣ ಒದಗಿಸುವುದು ಅಂತ ಐದು ದಾರಿ ಹೇಳುತ್ತದೆ. ಚಿಕ್ಕವರೂ ಸಹಿ ಹಾಕಬಹುದು. ಆದರೆ ಸಹಿ ಹಾಕಿದ 12 ತಿಂಗಳೊಳಗೆ ಕ್ರಿಯಾ ಯೋಜನೆ ಕೊಡಬೇಕು, ಪ್ರತಿ ವರ್ಷ ಎಷ್ಟು ಮುಂದೆ ಹೋದಿರಿ ಅಂತ ಬಹಿರಂಗವಾಗಿ ಹೇಳಬೇಕು. ಮೊದಲು ಒಂದು ವರ್ಷದ ಲೆಕ್ಕ ಕೈಯಲ್ಲಿರಲಿ, ಆಮೇಲೆ ಸಹಿ.

ಸರ್ಟಿಫಿಕೇಟ್ ತೆಗೆದುಕೊಳ್ಳಬೇಕಾ?

ನಿಮ್ಮ ಗ್ರಾಹಕರು ಕೇಳುತ್ತಿದ್ದರೆ ತೆಗೆದುಕೊಳ್ಳಿ. ಯಾವುದೆಂದರೆ ಅದಕ್ಕೆ ಹಣ ಕಟ್ಟುವ ಮುನ್ನ, ಯಾರಾದರೂ ಬಂದು ಪರೀಕ್ಷೆ ಮಾಡುತ್ತಾರಾ ಅಂತ ಕೇಳಿ. ಫಾರಂ ತುಂಬಿದರೆ ಫಲಕ ಕಳಿಸುವವರಿಂದ ದೂರ ಇರಿ. ಗ್ಲೋಬಲ್ ಸಸ್ಟೇನಬಲ್ ಟೂರಿಸಂ ಕೌನ್ಸಿಲ್ ಎಂಬ ಸಂಸ್ಥೆ ತಾನೇ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಮಾನದಂಡ ಬರೆಯುತ್ತದೆ, ಸರ್ಟಿಫಿಕೇಟ್ ಕೊಡುವವರನ್ನು ತೂಗಿ ನೋಡುತ್ತದೆ. ಅದರ ಮಾನದಂಡಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ನಿಮ್ಮ ಜಾಗವನ್ನು ನೀವೇ ಪರೀಕ್ಷಿಸಿಕೊಳ್ಳಲು ಅದೇ ಸಾಕು.

ಜನ ಜಾಸ್ತಿ ಬಂದಷ್ಟೂ ಒಳ್ಳೆಯದಲ್ವಾ? ಮಿತಿ ಹಾಕಿದರೆ ವ್ಯಾಪಾರ ಬೀಳುತ್ತದೆ.

ಥಾಯ್ಲೆಂಡಿನ ಮಾಯಾ ಬೇ ಎಂಬ ಕೊಲ್ಲಿಯನ್ನು ನೋಡಿ. ದಿನಕ್ಕೆ ಸಾವಿರಾರು ಜನ ಬಂದು, ದೋಣಿಗಳ ಲಂಗರು ಬಿದ್ದು ಹವಳ ಪುಡಿಯಾಯಿತು. 2018ರಲ್ಲಿ ಅದನ್ನು ಮುಚ್ಚಿದರು. ಮೂರೂವರೆ ವರ್ಷದ ನಂತರ, 2022ರ ಜನವರಿಯಲ್ಲಿ ತೆರೆದಾಗ ದೋಣಿಗಳಿಗೆ ಕೊಲ್ಲಿಯೊಳಗೆ ಪ್ರವೇಶ ಇಲ್ಲ, ಜನರಿಗೆ ಮಿತಿ ಇದೆ. ಮುಚ್ಚಿದ್ದ ಕಾಲದಲ್ಲಿ ಶಾರ್ಕ್‌ಗಳು ಮರಳಿ ಬಂದಿದ್ದವು. ಮಿತಿ ಮೊದಲೇ ಹಾಕಿದ್ದರೆ ಆ ಮೂರೂವರೆ ವರ್ಷದ ವ್ಯಾಪಾರ ಉಳಿಯುತ್ತಿತ್ತಲ್ವಾ?

ಬಿಸಿ, ಪ್ರವಾಹ, ಚಂಡಮಾರುತ ಈಗಾಗಲೇ ಬರುತ್ತಿವೆ. ಅದಕ್ಕೆ ತಯಾರಿ ಹೇಗೆ?

ಕಳೆದ ಹತ್ತು ವರ್ಷದಲ್ಲಿ ಎಷ್ಟು ದಿನ ಬಾಗಿಲು ಹಾಕಬೇಕಾಯಿತು, ಯಾಕೆ ಅಂತ ಪಟ್ಟಿ ಮಾಡಿ. ಹಳೇ ಸಿಬ್ಬಂದಿಯನ್ನು ಕೇಳಿ, ಅವರಿಗೆ ನೆನಪಿರುತ್ತದೆ. ಜನರೇಟರ್, ಸ್ವಿಚ್ ಬೋರ್ಡ್, ಪಂಪ್ ನೆಲಮಾಳಿಗೆಯಲ್ಲಿದ್ದರೆ ಮೇಲಕ್ಕೆ ತನ್ನಿ. ವಿಮೆ ಕಟ್ಟಡಕ್ಕೆ ಮಾತ್ರವಾ, ವ್ಯಾಪಾರ ನಿಂತ ದಿನಗಳಿಗೂ ಸಿಗುತ್ತದಾ ಅಂತ ಕಾಗದ ತೆಗೆದು ಓದಿ. ಹವಾಮಾನ ಎಚ್ಚರಿಕೆ ಬಂದರೆ ಬುಕಿಂಗ್ ಹಣ ಏನಾಗುತ್ತದೆ ಅಂತ ಮೊದಲೇ ಬರೆದಿಡಿ. ಬಿಸಿಲಿನ ದಿನಗಳಲ್ಲಿ ನಡಿಗೆ, ಚಾರಣಗಳನ್ನು ಬೆಳಗಿನ ಜಾವಕ್ಕೆ ಹಾಕಿ. ಗೈಡುಗಳಿಗೆ ಪ್ರವಾಸ ರದ್ದು ಮಾಡುವ ಅಧಿಕಾರ ಕೊಡಿ. ರದ್ದಾದ ದಿನದ ಕೂಲಿಯನ್ನೂ ಕೊಡಿ, ಇಲ್ಲದಿದ್ದರೆ ಯಾರು ರದ್ದು ಮಾಡುತ್ತಾರೆ?

ಇದನ್ನೆಲ್ಲ ನೋಡಿಕೊಳ್ಳಲು ಬೇರೆ ಒಬ್ಬರನ್ನು ಇಟ್ಟುಕೊಳ್ಳಬೇಕಾ?

ಬೇಡ. ಇರುವವರಲ್ಲೇ ಒಬ್ಬರಿಗೆ ಒಂದು ನೋಟ್‌ಬುಕ್ ಕೊಡಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಕರೆಂಟ್ ಮತ್ತು ನೀರಿನ ಮೀಟರ್ ಬರೆಯಲಿ. ತಿಂಗಳಿಗೊಮ್ಮೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೀಟರ್ ನೋಡಲಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಲಿ. ಯಾರೂ ಏನೂ ಬಳಸದ ಹೊತ್ತಿನಲ್ಲಿ ಅದು ಓಡುತ್ತಿದ್ದರೆ ಕಾರಣ ಹುಡುಕಲಿ. ಉಳಿದ ಹಣದಲ್ಲಿ ಸಿಬ್ಬಂದಿಗೂ ಒಂದು ಪಾಲು ಕೊಟ್ಟರೆ ಹುಡುಕಾಟ ಜೋರಾಗುತ್ತದೆ. ಒಂದು ಕಡೆ ಹೀಗೆ ಹುಡುಕಿದಾಗ ಸಿಕ್ಕಿದ್ದು ಉಗ್ರಾಣದ ಹಿಂದಿನ ಒಂದು ಫ್ರೀಜರ್. ಸದ್ದು ಮಾಡುತ್ತಾ ಓಡುತ್ತಿತ್ತು. ತೆರೆದು ನೋಡಿದರೆ ಒಳಗೆ ಬರೀ ಐಸು.